ಉತ್ಪಾದಕರ ಕಂಪೆನಿಯಲ್ಲಿ ಡೈರೆಕ್ಟರುಗಳ ಚುನಾವಣೆ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತವನ್ನು ಬೆಳೆಯುವ ಗಂಗಾವತಿ ತಾಲ್ಲೂಕಿನ ಮರಳಿಯಂತಹ ಗ್ರಾಮಗಳಲ್ಲಿ, ಬೆಳೆಯುವಷ್ಟೇ ಕಷ್ಟದ ಕೆಲಸವು ಬೆಳೆದುದನ್ನು ಯೋಗ್ಯ ಬೆಲೆಗೆ ಮಾರುವುದು. ಒಬ್ಬೊಬ್ಬನೇ ಮಾರುವ ಒಕ್ಕಲಿಗನಿಗೆ ಬೆಲೆಯನ್ನು ಕಟ್ಟುವ ಬಲವಿಲ್ಲ. ಕೂಡಿ ನಡೆಯುವ ದಾರಿಯನ್ನು ನೆರೆಯ ಗದಗ ಸೀಮೆಯ ಕಣಗಿನಹಾಳದ ಸಹಕಾರ ಸಂಘವು 1905ರಲ್ಲಿಯೇ ತೋರಿಸಿತು. 2003ರಲ್ಲಿ ಆ ತತ್ತ್ವವು ಕಂಪೆನಿ ಶಾಸನದಲ್ಲಿಯೂ ಸೇರಿತು. ಅಂದಿನಿಂದ ಹತ್ತು ಮಂದಿ ಬೆಳೆಗಾರರು ಕಲೆತು ‘ಉತ್ಪಾದಕರ ಕಂಪೆನಿ’ಯನ್ನು ಸ್ಥಾಪಿಸಬಹುದು.

ಕಂಪೆನಿಯ ಬಂಡವಾಳವು ಷೇರುದಾರರದು, ಆಡಳಿತವು ಡೈರೆಕ್ಟರುಗಳದು. ಸದಸ್ಯನು ಒಪ್ಪಿಸಿದ ಭತ್ತಕ್ಕೆ ಮೊದಲು ಎಷ್ಟು ಹಣವನ್ನು ಕೊಡಬೇಕು, ಎಷ್ಟನ್ನು ತಡೆದಿಟ್ಟು ಮುಂದೆ ಹಂಚಬೇಕು ಎಂಬುದನ್ನೂ ಅವರ ಮಂಡಲಿಯೇ ನಿರ್ಧರಿಸುವುದು. ಆದುದರಿಂದ ಡೈರೆಕ್ಟರನನ್ನು ಆರಿಸುವುದೆಂದರೆ ತನ್ನ ಕಣದ ರಾಶಿಯನ್ನು ಮತ್ತೊಬ್ಬನ ಕೈಗೆ ಒಪ್ಪಿಸಿದಂತೆಯೇ ಸರಿ.

ಸಾಮಾನ್ಯ ಕಂಪೆನಿಗಳಲ್ಲಿಯೂ ಡೈರೆಕ್ಟರುಗಳನ್ನು ಷೇರುದಾರರ ಸಭೆಯೇ ನೇಮಿಸುವುದು. ಆದರೆ ಅಲ್ಲಿ ಷೇರುಗಳ ಲೆಕ್ಕದಿಂದ ಮತವೆಣಿಸುವಾಗ, ನೂರು ಷೇರುಳ್ಳವನ ಮಾತು ಹತ್ತು ಷೇರುಳ್ಳವನ ಮಾತಿಗಿಂತ ಹತ್ತುಪಟ್ಟು ತೂಗುವುದು. ಬೆಳೆಗಾರರೇ ಸದಸ್ಯರಾಗಿರುವ ಉತ್ಪಾದಕರ ಕಂಪೆನಿಯಲ್ಲಿ ಹಾಗಲ್ಲ. ಷೇರು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಎರಡು ಎಕರೆಯವನೂ ಇಪ್ಪತ್ತು ಎಕರೆಯವನೂ ಇಲ್ಲಿ ಸಮಾನರು.

ಚುನಾವಣೆಯ ಕ್ರಮವು ಹೀಗಿರುವುದು. ಡೈರೆಕ್ಟರುಗಳು ಐವರಿಗೆ ಕಡಮೆಯಿಲ್ಲದೆ, ಹದಿನೈದು ಮಂದಿಗೆ ಮೀರದೆ ಇರತಕ್ಕದ್ದು. ಕಂಪೆನಿಯನ್ನು ಸ್ಥಾಪಿಸಿದವರು ಹೆಸರಿಸಿದ ಮೊದಲ ಮಂಡಲಿಯು ತಾತ್ಕಾಲಿಕವಾದುದು. ನೋಂದಣಿಯಾದ 90 ದಿನಗಳೊಳಗೆ ಚುನಾವಣೆಯು ನಡೆಯತಕ್ಕದ್ದು. ಆ ಬಳಿಕ ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಡೈರೆಕ್ಟರುಗಳನ್ನು ಆರಿಸುವರು. ಅಧಿಕಾರಾವಧಿಯು ಕಂಪೆನಿಯ ನಿಯಮಾವಳಿಯಂತೆ ಒಂದರಿಂದ ಐದು ವರ್ಷಗಳು. ಕಂಪೆನಿಯಿಂದಲೇ ಸಾಲ ಪಡೆದು ತೀರಿಸದೆ ತಪ್ಪಿದ ಡೈರೆಕ್ಟರನ ಸ್ಥಾನವು ತೆರವಾಗುವುದು.

ಮಹಾಸಭೆಯ ತಿಳಿವಳಿಕೆಯ ಪತ್ರವು 14 ದಿನಗಳಿಗೆ ಕಡಮೆಯಿಲ್ಲದಂತೆ ಮುಂಚಿತವಾಗಿ ಸದಸ್ಯರಿಗೆ ತಲುಪಬೇಕು. ಅದರೊಡನೆ ಉಮೇದುವಾರರ ಹೆಸರು, ಅವರ ಅರ್ಹತೆಯ ವಿವರ, ಪರಿಶೋಧಿತ ಜಮಾಖರ್ಚು ಇವೂ ಬರತಕ್ಕವು. ಇವುಗಳನ್ನು ಓದಿಸಿಕೊಂಡು, ಹಿಂದಿನ ಮಂಡಲಿಯು ನುಡಿದಂತೆ ನಡೆದಿದೆಯೇ ಎಂಬುದನ್ನು ನೋಡುವುದು ವಿಹಿತ.

ನಿಯಮಾವಳಿಯು ಹೆಚ್ಚಿನ ಸಂಖ್ಯೆಯನ್ನು ವಿಧಿಸದಿದ್ದರೆ, ಸದಸ್ಯರಲ್ಲಿ ಕಾಲುಭಾಗ ಮಂದಿ ನೆರೆದರೆ ಸಭೆಯು ನಡೆಯಬಹುದು. ನಾನೂರು ಸದಸ್ಯರ ಕಂಪೆನಿಯಲ್ಲಿ ನೂರು ಮಂದಿ ಬಂದರೆ, ಅವರಲ್ಲಿ ಐವತ್ತೊಂದು ಮಂದಿಯ ಒಪ್ಪಿಗೆಯೇ ನಾನೂರು ಮಂದಿಯ ಬೆಳೆಯ ಭವಿಷ್ಯವನ್ನು ತೀರ್ಮಾನಿಸುವುದು. ಶಾಸನವು ಸಮಾನವಾದ ಮತವನ್ನು ಕೊಟ್ಟಿದೆ. ಮನೆಯಲ್ಲಿ ಉಳಿದವನಿಗೆ ಅದರಿಂದ ಪ್ರಯೋಜನವಿಲ್ಲ. ನಾಟಿಯ ಹದವನ್ನು ತಪ್ಪಿಸಿಕೊಳ್ಳದ ಒಕ್ಕಲಿಗನು ಮಹಾಸಭೆಯ ದಿನವನ್ನೂ ತಪ್ಪಿಸಿಕೊಳ್ಳಬಾರದು.