ಕಲಾ ಕಾಲೇಜಿನ ಆ ಒಂದು ಹುದ್ದೆ

ನಾಲ್ಕು ವರ್ಷಗಳ ಹಿಂದೆ ಮಗಳನ್ನು ಕರೆದುಕೊಂಡು ಊರಿನಿಂದ ಬಂದ ನನ್ನ ತಮ್ಮ, ‘ಅಣ್ಣ, ಇವಳಿಗೆ ನೀನಾದರೂ ಬುದ್ಧಿ ಹೇಳು’ ಎಂದ. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಗಳಿಸಿದ್ದ ಹುಡುಗಿ ಎಂಜಿನಿಯರಿಂಗ್ ಒಲ್ಲೆ, ದೃಶ್ಯಕಲಾ ಪದವಿಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಎರಡು ಎಕರೆ ಅಡಕೆ ತೋಟವನ್ನು ನಂಬಿದವನ ಆತಂಕ ಸಹಜವಾದುದೇ. ಅರ್ಥಶಾಸ್ತ್ರ ಓದಿ, ಮೂರು ದಶಕಕ್ಕೂ ಮಿಕ್ಕಿ ಸರ್ಕಾರಿ ಸೇವೆಯಲ್ಲಿದ್ದ ನಾನು ತನ್ನ ಪರವಾಗಿಯೇ ಮಾತನಾಡುವೆನೆಂದು ಅವನು ನಂಬಿದ್ದ. ಆದರೆ ನನಗೆ ಮಾತು ಹೊರಡಲಿಲ್ಲ. ಒಂದು ಹಳೆಯ ಕಡತ ನೆನಪಿಗೆ ಬಂದಿತ್ತು.

1998ರ ಸುಮಾರಿಗೆ ನಾನು ಹುದ್ದೆಗಳ ಮಂಜೂರಾತಿ ಪ್ರಸ್ತಾವಗಳನ್ನು ಪರಿಶೀಲಿಸುವ ಸ್ಥಾನದಲ್ಲಿದ್ದೆ. ಕಲಾ ಕಾಲೇಜೊಂದು ತೆರವಾಗಿದ್ದ ಕಲಾ ಇತಿಹಾಸ ಉಪನ್ಯಾಸಕರ ಹುದ್ದೆಯನ್ನು ತುಂಬಲು ಅನುಮತಿ ಕೋರಿತ್ತು. ‘ಚಿತ್ರ ಬರೆಯುವುದನ್ನು ಕಲಿಸುವ ಸಂಸ್ಥೆಗೆ ಇತಿಹಾಸ ಬೋಧನೆಯ ಪ್ರತ್ಯೇಕ ಹುದ್ದೆಯ ಅವಶ್ಯಕತೆ ಕಂಡುಬರುವುದಿಲ್ಲ’ ಎಂದು ಷರಾ ಬರೆದೆ. ಹುದ್ದೆ ರದ್ದಾಯಿತು. ಆ ವರ್ಷದ ಮಿತವ್ಯಯದ ಲೆಕ್ಕಕ್ಕೆ ಅದೂ ಸೇರಿತು. ಆ ಬಗ್ಗೆ ನಾನು ಮತ್ತೆ ಯೋಚಿಸಿರಲಿಲ್ಲ.

ನಿವೃತ್ತಿಯ ನಂತರದ ಓದಿನಲ್ಲಿ ಒಂದು ಪ್ರಸಂಗ ನನ್ನನ್ನು ಚುಚ್ಚಿತು. ನಮ್ಮ ಶಾಸ್ತ್ರದ ದೊಡ್ಡ ಹೆಸರಾದ ಜಾನ್ ಮೇನಾರ್ಡ್ ಕೇನ್ಸ್ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಖಜಾನೆಯ ಅಧಿಕಾರಿಯಾಗಿದ್ದರು. 1918ರ ಮಾರ್ಚ್‌ನಲ್ಲಿ, ಪ್ಯಾರಿಸ್ ಮೇಲೆ ಜರ್ಮನ್ ಫಿರಂಗಿಗಳ ದಾಳಿ ನಡೆಯುತ್ತಿದ್ದಾಗಲೇ, ಅಲ್ಲಿ ಕಲಾವಿದ ದೆಗಾನ ಸಂಗ್ರಹದ ಹರಾಜಿತ್ತು. ಕೇನ್ಸ್ ಮೇಲಧಿಕಾರಿಗಳನ್ನು ಒಪ್ಪಿಸಿ, ಸುಮಾರು 20,000 ಪೌಂಡ್ ಮಂಜೂರು ಮಾಡಿಸಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿಗಾಗಿ ಚಿತ್ರಗಳನ್ನು ಕೊಳ್ಳಲು ನೆರವಾದರು. ಯುದ್ಧದ ನಡುವೆ ಅವರು ಚಿತ್ರಗಳಿಗೆ ಹಣ ಹುಡುಕಿದರು. ಶಾಂತಿಕಾಲದಲ್ಲಿ ನಾನು ಒಬ್ಬ ಉಪನ್ಯಾಸಕರ ಸಂಬಳ ಉಳಿಸಿದೆ.

ಇದನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಕಲಾ ಶಿಕ್ಷಣವೆಂದರೆ ಕೈಗೆಲಸದ ತರಬೇತಿ ಎಂಬ ಕಲ್ಪನೆ ನನ್ನೊಬ್ಬನದಲ್ಲ. 1850ರಲ್ಲಿ ಮದ್ರಾಸಿನಲ್ಲಿ, 1854ರಲ್ಲಿ ಕಲ್ಕತ್ತೆಯಲ್ಲಿ, 1857ರಲ್ಲಿ ಮುಂಬೈಯಲ್ಲಿ ಆರಂಭವಾದ ಕಲಾಶಾಲೆಗಳ ಹಿಂದೆ ಕುಶಲ ಕೈಗಾರಿಕೆಗಳಿಗೆ ಕಸುಬುದಾರರನ್ನು ತಯಾರಿಸುವ ಉದ್ದೇಶವೇ ಮುಖ್ಯವಾಗಿತ್ತು. ಮೈಸೂರಿನ ಕೆ. ವೆಂಕಟಪ್ಪನವರು ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋದಾಗ ಅವರಿಗೆ ಗುರುವಾಗಿ ದೊರೆತ ಅವನೀಂದ್ರನಾಥ ಠಾಕೂರರು ಈ ಕಲ್ಪನೆಯನ್ನು ಮೀರಿದ್ದರು. ಮೊಗಲ್ ಮತ್ತು ರಾಜಪೂತ ಚಿತ್ರಗಳತ್ತ ಶಿಷ್ಯರ ಕಣ್ಣು ತಿರುಗಿಸಿದ್ದರು. ಸ್ವಾತಂತ್ರ್ಯಾನಂತರ, 1950ರಲ್ಲಿ ಬರೋಡದ ವಿಶ್ವವಿದ್ಯಾಲಯದಲ್ಲಿ ಸ್ಥಾಪನೆಯಾದ ಲಲಿತಕಲಾ ವಿಭಾಗವು ಸ್ಟುಡಿಯೋ ಅಭ್ಯಾಸದ ಜೊತೆಗೇ ಕಲಾ ಇತಿಹಾಸಕ್ಕೂ ಸ್ಥಾನ ಕೊಟ್ಟಿತು. ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅಂಥವರು ಅಲ್ಲಿ ಪಾಠ ಹೇಳಿದರು. ಕೈ ಬಲ್ಲವನು ಓದಲೂ ಬೇಕು ಎಂಬುದು ಆಗಲೇ ತೀರ್ಮಾನವಾಗಿದ್ದ ಸಂಗತಿ. ನನಗೆ ಅದು ತಿಳಿದಿರಲಿಲ್ಲ, ಅಷ್ಟೆ.

ಅಂತೂ ಹುಡುಗಿ ಕಲಾ ಕಾಲೇಜಿಗೆ ಸೇರಿದಳು. ಮೊದಲ ವರ್ಷವಿಡೀ ರೇಖಾಭ್ಯಾಸ, ಬಣ್ಣ, ಜೇಡಿಮಣ್ಣು, ಅಚ್ಚುಚಿತ್ರ. ಆಮೇಲೆ ಚಿತ್ರಕಲೆಯ ಜೊತೆಗೆ ಡಿಜಿಟಲ್ ಮಾಧ್ಯಮವನ್ನೂ ಆರಿಸಿಕೊಂಡಳು. ಇತ್ತೀಚೆಗೆ ಅವಳ ಅಂತಿಮ ವರ್ಷದ ಪ್ರದರ್ಶನಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಎರಡು ಸರಸ್ವತಿಯರು. ಒಂದು ಅವಳೇ ಬರೆದದ್ದು. ಇನ್ನೊಂದು, ‘ಮೈಸೂರು ಶೈಲಿಯ ಸರಸ್ವತಿ’ ಎಂದು ಕೇಳಿದಾಗ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕ್ಷಣಾರ್ಧದಲ್ಲಿ ಕೊಟ್ಟದ್ದು. ‘ದೊಡ್ಡಪ್ಪ, ಇದರಲ್ಲಿ ತಪ್ಪೇನಿದೆ ಹೇಳಿ ನೋಡೋಣ’ ಎಂದಳು. ನನಗೆ ಯಂತ್ರದ ಚಿತ್ರವೇ ಹೆಚ್ಚು ಝಗಝಗಿಸುವಂತೆ ಕಂಡಿತ್ತು. ‘ಇದು ಮೈಸೂರಲ್ಲ, ತಂಜಾವೂರು. ಅದೂ ಅರೆಬರೆ’ ಎಂದು ನಕ್ಕಳು.

ನಂತರ ವಿವರಿಸಿದಳು. ತಂಜಾವೂರು ಚಿತ್ರಗಳಲ್ಲಿ ಉಬ್ಬುಗೆಲಸ ದಪ್ಪ. ಗಾಜು, ಹರಳುಗಳನ್ನು ಕೂರಿಸುವುದುಂಟು. ಮೈಸೂರು ಶೈಲಿಯಲ್ಲಿ ಅದು ತೀರಾ ತೆಳು. ರೇಖೆಯ ನಯವೇ ಅಲ್ಲಿ ಪ್ರಧಾನ. ಇದು ಅವಳಿಗೆ ಪುಸ್ತಕದಿಂದ ತಿಳಿದ ಮಾತು. ಆದರೆ ಹುಣಸೆಕಡ್ಡಿಯ ಇದ್ದಲಿನಿಂದ ರೇಖೆ ಎಳೆದು, ಉಬ್ಬುಗೆಲಸದ ಲೇಪವನ್ನು ಕುಂಚದ ತುದಿಯಲ್ಲಿ ಎಳೆಎಳೆಯಾಗಿ ಇಟ್ಟು, ಚಿನ್ನದ ರೇಕು ಅಂಟಿಸಿ, ಮೇಲೆ ತೆಳುಕಾಗದವಿಟ್ಟು ನುಣುಪು ಕಲ್ಲಿನಿಂದ ಉಜ್ಜಿದ ಮೇಲೆಯೇ ಆ ತೆಳುವಿನ ಅರ್ಥ ತಿಳಿಯಿತೆಂದಳು. ಮರುದಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಕರೆದೊಯ್ದು ಹಳೆಯ ಮೈಸೂರು ಚಿತ್ರಗಳ ಮುಂದೆ ನಿಲ್ಲಿಸಿದಳು. ಎಂ.ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿದ ಆ ಸಂಸ್ಥೆಯ ಮುಂದೆ ನಾನು ಸಾವಿರ ಸಲ ಕಾರಿನಲ್ಲಿ ಹಾದುಹೋಗಿದ್ದೆ. ಆ ಚಿತ್ರಗಳನ್ನು ನೋಡಿರಲಿಲ್ಲ.

ಒಂದು ಸರಕು ಅಗ್ಗವಾದಾಗ ಅದಕ್ಕೆ ಪೂರಕವಾದ ಸರಕಿನ ಬೇಡಿಕೆ ಹೆಚ್ಚುತ್ತದೆ ಎಂಬುದು ಅರ್ಥಶಾಸ್ತ್ರದ ಆರಂಭಿಕ ಪಾಠಗಳಲ್ಲೊಂದು. ಇಂದು ಚಿತ್ರಗಳು ಪುಕ್ಕಟೆಯಾಗಿ ಹುಟ್ಟುತ್ತಿವೆ. ಹಾಗಾಗಿ ಅವುಗಳಲ್ಲಿ ಯಾವುದು ಸರಿ, ಯಾವುದು ಕಲಬೆರಕೆ, ಯಾವುದು ಎಲ್ಲಿಂದ ಕದ್ದದ್ದು ಎಂದು ಗುರುತಿಸಬಲ್ಲ ವಿವೇಚನೆಗೆ ಬೆಲೆ ಬರಬೇಕು. ಬರೀ ತಂತ್ರಾಂಶ ಕಲಿತವರ ವಿದ್ಯೆ ಮುಂದಿನ ಆವೃತ್ತಿ ಬಂದೊಡನೆ ಹಳತಾಗುತ್ತದೆ. ಸ್ಟುಡಿಯೋದಲ್ಲಿ ಕೈ ಪಳಗಿಸಿಕೊಂಡು, ಇತಿಹಾಸ ಓದಿ, ನಂತರ ಕಂಪ್ಯೂಟರ್ ಮುಂದೆ ಕುಳಿತವರು ಯಂತ್ರದ ತಪ್ಪನ್ನು ತಿದ್ದಬಲ್ಲರು. ಈ ಮೂರನ್ನೂ ಒಟ್ಟಿಗೆ ಕಲಿಸುವುದು ಆಡಂಬರವಲ್ಲ, ಕಾಲದ ಅಗತ್ಯ.

ಹಾಗೆಂದು ತಮ್ಮನ ಪ್ರಶ್ನೆ ಸುಳ್ಳಾಗುವುದಿಲ್ಲ. ‘ಮುಂದೆ ಕೆಲಸ ಸಿಗುತ್ತದೆಯೇ ಅಣ್ಣ?’ ಎಂದು ಅವನು ಈಗಲೂ ಕೇಳುತ್ತಾನೆ. ಅನಿಮೇಷನ್, ಜಾಹೀರಾತು, ಜವಳಿ ವಿನ್ಯಾಸ, ಶಾಲಾ ಶಿಕ್ಷಕ ವೃತ್ತಿ ಎಂದು ಪಟ್ಟಿ ಹೇಳುತ್ತೇನೆ. ಖಾತರಿ ಮಾತ್ರ ಕೊಡಲಾರೆ. ಇಂದು ಎಂಜಿನಿಯರಿಂಗ್ ಪದವೀಧರರಿಗೂ ಯಾರೂ ಅದನ್ನು ಕೊಡುತ್ತಿಲ್ಲ.

ಸರ್ಕಾರದಿಂದ ಆಗಬೇಕಾದದ್ದು ದೊಡ್ಡ ಖರ್ಚಿನದಲ್ಲ. ಕಲಾ ಇತಿಹಾಸಕ್ಕೆ ಬೇಕಾದದ್ದು ಬಲ್ಲ ಶಿಕ್ಷಕರು, ಗ್ರಂಥಾಲಯ, ಮೂಲಕೃತಿಗಳಿರುವಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಬಸ್ಸಿನ ವೆಚ್ಚ. ಕೆಲವೇ ವರ್ಷಗಳಲ್ಲಿ ಮೂಲೆ ಸೇರುವ ಕಂಪ್ಯೂಟರುಗಳಿಗೆ ಸಲೀಸಾಗಿ ಮಂಜೂರಾತಿ ಸಿಗುತ್ತದೆ. ಮೂವತ್ತು ವರ್ಷ ಪಾಠ ಮಾಡಬಲ್ಲ ಶಿಕ್ಷಕರ ಹುದ್ದೆಗೆ ‘ಅವಶ್ಯಕತೆ’ಯ ಪ್ರಶ್ನೆ ಏಳುತ್ತದೆ. ಇದು ತಲೆಕೆಳಗಾದ ಲೆಕ್ಕಾಚಾರ.

ನಾನು ಬರೆದ ಷರಾವನ್ನು ಹಿಂಪಡೆಯುವ ಅಧಿಕಾರ ನನಗೀಗ ಇಲ್ಲ. ಆ ಕಾಲೇಜಿನಲ್ಲಿ ಆನಂತರ ಓದಿದ ಮಕ್ಕಳಿಗೆ ಏನು ತಪ್ಪಿಹೋಯಿತೆಂಬುದಕ್ಕೆ ಯಾವ ಲೆಕ್ಕಪತ್ರದಲ್ಲೂ ಅಂಕಣವಿಲ್ಲ. ಅಂಥದೇ ಕಡತವೊಂದು ಇಂದು ಯಾರಾದರೂ ಕಿರಿಯ ಅಧಿಕಾರಿಯ ಮೇಜಿನ ಮೇಲಿದ್ದರೆ, ಸಹಿ ಹಾಕುವ ಮುನ್ನ ಅವರು ಒಮ್ಮೆ ಯಾವುದಾದರೂ ಕಲಾ ಕಾಲೇಜಿನ ಅಂತಿಮ ವರ್ಷದ ಪ್ರದರ್ಶನಕ್ಕೆ ಹೋಗಿಬರಲಿ ಎಂಬುದಷ್ಟೇ ನನ್ನ ಕೋರಿಕೆ.