ಪೋಸ್ಟ್‌ಗ್ರೆಸ್ ನೆಲೆಯೂರುವ ಬಗೆ

ಲಿನಕ್ಸ್ ಯಂತ್ರದಲ್ಲಿ ‘ರೂಟ್’ ಅಂದರೆ ಎಲ್ಲವನ್ನೂ ಮಾಡಬಲ್ಲ ಖಾತೆ. ಅದರ ಮಾತಿಗೆ ಎದುರಾಡುವ ತಂತ್ರಾಂಶಗಳು ಕಡಿಮೆ. ಆದರೆ ರೂಟ್ ಆಗಿ ಲಾಗಿನ್ ಆಗಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರನ್ನು ಚಾಲೂ ಮಾಡಹೋದರೆ ಅದು ಒಪ್ಪುವುದಿಲ್ಲ. ರೂಟ್ ಖಾತೆಯಲ್ಲಿ ಓಡಲು ಅನುಮತಿಯಿಲ್ಲ ಎಂದು ಒಂದು ಸಾಲು ಬರೆದು ನಿಂತುಬಿಡುತ್ತದೆ. ಡೇಟಾಬೇಸ್ ಸರ್ವರ್ ಎಂದರೆ ಹೊರಗಿನವರ ಮಾತು ಕೇಳಲೆಂದೇ ಕೂತಿರುವ ಯಂತ್ರ. ನಾಳೆ ಅದರಲ್ಲೊಂದು ತೂತು ಕಂಡು ಯಾರಾದರೂ ಒಳನುಗ್ಗಿದರೆ ಅವರ ಕೈಗೆ ಇಡೀ ಗಣಕ ಸಿಗಬಾರದು. ಅದಕ್ಕೇ ಲಿನಕ್ಸಿನಲ್ಲಿ ‘ಪೋಸ್ಟ್‌ಗ್ರೆಸ್’ ಎಂಬ ಹೆಸರಿನ, ಹೆಚ್ಚೇನೂ ಅಧಿಕಾರವಿಲ್ಲದ ಒಂದು ಖಾತೆ ಸೃಷ್ಟಿಯಾಗುತ್ತದೆ. ಸರ್ವರ್ ಅದರ ಹೆಸರಿನಲ್ಲಿ ಓಡುತ್ತದೆ.

ವಿಂಡೋಸಿನಲ್ಲೂ ಇದೇ ಹಟ. ಅಡ್ಮಿನಿಸ್ಟ್ರೇಟರ್ ಅಧಿಕಾರ ಹೊತ್ತು ಓಡಲು ಸರ್ವರ್ ಒಪ್ಪದು; ಅಲ್ಲಿನ ಇನ್‌ಸ್ಟಾಲರ್ ಅದನ್ನು ‘ನೆಟ್‌ವರ್ಕ್ ಸರ್ವಿಸ್’ ಎಂಬ ಸೀಮಿತ ಖಾತೆಗೆ ಒಪ್ಪಿಸುತ್ತದೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ಸಾಧನದ ಮೂಲಕ ಹಾಕಿಕೊಂಡರೆ ಮಾತ್ರ ಕಥೆ ಬೇರೆ. ಅಲ್ಲಿ ಡೇಟಾಬೇಸಿನ ಒಡೆಯರು ನೀವೇ. ನಿಮ್ಮ ಲಾಗಿನ್ ಹೆಸರೇ ಅದರ ಸೂಪರ್‌ಯೂಸರ್, ಅಂದರೆ ಎಲ್ಲ ಅಧಿಕಾರವಿರುವ ‘ರೋಲ್’ (ಡೇಟಾಬೇಸಿನೊಳಗಿನ ಖಾತೆ). ಲಿನಕ್ಸಿಗೆಂದು ಬರೆದ ಪಾಠ ಓದುತ್ತಾ ಮ್ಯಾಕ್ ಮುಂದೆ ಕೂತವರು ‘ಪೋಸ್ಟ್‌ಗ್ರೆಸ್ ಎಂಬ ರೋಲ್ ಇಲ್ಲ’ ಎಂಬ ಉತ್ತರ ಕಂಡು ತಲೆ ಕೆರೆದುಕೊಳ್ಳುವುದು ಇದರಿಂದಲೇ.

ಇನ್‌ಸ್ಟಾಲ್ ಮಾಡುವಾಗ ಕಡತಗಳು ನಕಲಾಗುವುದು ಕೆಲವೇ ನಿಮಿಷಗಳ ಮಾತು. ಉಳಿದದ್ದೆಲ್ಲ, ಡೇಟಾಬೇಸ್ ತಾನು ಕೂತಿರುವ ಆಪರೇಟಿಂಗ್ ಸಿಸ್ಟಮನ್ನು ಯಾವ ವಿಷಯದಲ್ಲಿ ಎಷ್ಟು ನಂಬಬೇಕು ಎಂಬ ಲೆಕ್ಕಾಚಾರ. ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳ ನಡುವಿನ ನಿಜವಾದ ವ್ಯತ್ಯಾಸ ಬಟನ್ನುಗಳಲ್ಲಿಲ್ಲ, ಈ ನಂಬಿಕೆಯಲ್ಲಿದೆ.

ಪೋಸ್ಟ್‌ಗ್ರೆಸ್ ಮೊದಲಿನಿಂದಲೂ ಎಲ್ಲ ಕಡೆ ಓಡುತ್ತಿತ್ತೆಂದೇನಿಲ್ಲ. ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು, ‘ಏನು ಬೇಕು’ ಎಂದಷ್ಟೇ ಕೇಳಿದರೆ ‘ಹೇಗೆ ಹುಡುಕುವುದು’ ಎಂಬುದನ್ನು ಯಂತ್ರವೇ ನೋಡಿಕೊಳ್ಳಬೇಕು ಎಂಬ ವಿಚಾರವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅದನ್ನು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಂಗ್ರೆಸ್ ಎಂಬ ಯೋಜನೆಯಾಗಿ ಬೆಳೆಸಿದವರಲ್ಲಿ ಒಬ್ಬರಾದ ಮೈಕಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಪೋಸ್ಟ್‌ಗ್ರೆಸ್ ಶುರುಮಾಡಿದರು. ಹುಟ್ಟಿ ಬೆಳೆದದ್ದೆಲ್ಲ ಯುನಿಕ್ಸ್ ವಾತಾವರಣದಲ್ಲಿ. ವಿಂಡೋಸಿನಲ್ಲಿ ಸ್ವಂತ ಕಾಲ ಮೇಲೆ ನಿಂತದ್ದು 2005ರ ಜನವರಿಯಲ್ಲಿ, 8.0ನೇ ಆವೃತ್ತಿಯೊಂದಿಗೆ, ಅದಕ್ಕೂ ಮುಂಚೆ ಸಿಗ್‌ವಿನ್ ಎಂಬ ಊರುಗೋಲು ಬೇಕಿತ್ತು. ಆ ಯುನಿಕ್ಸ್ ಮೂಲ ಈಗಲೂ ಕಾಣುತ್ತದೆ. ಪ್ರತಿ ಸಂಪರ್ಕಕ್ಕೂ ಪೋಸ್ಟ್‌ಗ್ರೆಸ್ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಯುನಿಕ್ಸಿನಲ್ಲಿ ಇದು ತನ್ನದೇ ಪ್ರತಿಯನ್ನು ಕವಲೊಡೆಸಿದಷ್ಟು ಅಗ್ಗ. ವಿಂಡೋಸಿನಲ್ಲಿ ಅಂಥ ಕವಲೊಡೆಯುವ ಸೌಲಭ್ಯವಿಲ್ಲದ್ದರಿಂದ ಪ್ರತಿ ಸಲವೂ ಹೊಸದಾಗಿ ಎಬ್ಬಿಸಬೇಕು, ಖರ್ಚು ಹೆಚ್ಚು.

ಡೇಟಾ ಎಲ್ಲಿ ಕೂರುತ್ತದೆ ಎಂಬುದರಲ್ಲೂ ಒಮ್ಮತವಿಲ್ಲ. ಡೆಬಿಯನ್, ಉಬುಂಟುಗಳು ಪ್ಯಾಕೇಜ್ ಹಾಕಿದ ಕ್ಷಣವೇ ಡೇಟಾ ಡೈರೆಕ್ಟರಿ ಸಿದ್ಧಪಡಿಸಿ ಸರ್ವರನ್ನೂ ಓಡಿಸಿಬಿಡುತ್ತವೆ. ಸೆಟ್ಟಿಂಗ್ ಕಡತಗಳನ್ನು ಒಂದು ಕಡೆ, ಡೇಟಾವನ್ನು ಇನ್ನೊಂದು ಕಡೆ ಇಡುತ್ತವೆ. ರೆಡ್ ಹ್ಯಾಟ್ ಬಳಗದಲ್ಲಿ ಎರಡೂ ಒಂದೇ ಕಡೆ, ಮತ್ತು ಡೈರೆಕ್ಟರಿಯನ್ನು ಸಿದ್ಧಪಡಿಸುವ ‘ಇನಿಟ್‌ಡಿಬಿ’ ಹೆಜ್ಜೆಯನ್ನು ನೀವೇ ಇಡಬೇಕು. ನನಗೆ ಈ ಎರಡನೆಯದೇ ಹಿಡಿಸುತ್ತದೆ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಡೆಬಿಯನ್‌ನ ಜಾಣತನವೂ ಕಡಿಮೆಯೇನಲ್ಲ: ಹಳೆಯ ಆವೃತ್ತಿ 5432ನೇ ಪೋರ್ಟಿನಲ್ಲಿ ಇರುವಾಗಲೇ ಹೊಸದು ಬಂದರೆ ಅದಕ್ಕೆ 5433 ಕೊಟ್ಟು ಎರಡನ್ನೂ ಸಾಕುತ್ತದೆ. ಇದು ಗೊತ್ತಿಲ್ಲದವರು ಹೊಸ, ಖಾಲಿ ಡೇಟಾಬೇಸ್ ತೆರೆದು ‘ನನ್ನ ಕೋಷ್ಟಕಗಳೆಲ್ಲ ಎಲ್ಲಿ ಹೋದವು’ ಎಂದು ಗಾಬರಿಬೀಳುತ್ತಾರೆ.

ಒಳಗೆ ಬಿಡುವ ಪ್ರಶ್ನೆಗೆ ಲಿನಕ್ಸಿನಲ್ಲಿ ಸೊಗಸಾದ ಉತ್ತರವಿದೆ. ಅದೇ ಗಣಕದಲ್ಲಿ ಕೂತು ಬಾಗಿಲು ತಟ್ಟಿದರೆ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಕೇಳುವುದಿಲ್ಲ, ‘ಆ ತುದಿಯಲ್ಲಿರುವವರು ಯಾರು’ ಎಂದು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲ್ಲನ್ನೇ ವಿಚಾರಿಸುತ್ತದೆ. ಲಾಗಿನ್ ಹೆಸರೂ ಡೇಟಾಬೇಸಿನ ರೋಲ್ ಹೆಸರೂ ತಾಳೆಯಾದರೆ ಪ್ರವೇಶ. ಇದು ‘ಪೀರ್’ ವಿಧಾನ. ವಿಂಡೋಸಿನಲ್ಲಿ ಇದಿಲ್ಲ, ಇನ್‌ಸ್ಟಾಲರ್ ಮೊದಲೇ ಪಾಸ್‌ವರ್ಡ್ ಕೇಳಿಕೊಳ್ಳುತ್ತದೆ. ಇನಿಟ್‌ಡಿಬಿಯನ್ನು ಯಾವ ಸೂಚನೆಯನ್ನೂ ಕೊಡದೆ ಓಡಿಸಿದರೆ ಸಿಗುವುದು ‘ಟ್ರಸ್ಟ್’: ಈ ಗಣಕದಲ್ಲಿರುವ ಯಾರೇ ಯಾವ ಹೆಸರು ಹೇಳಿಕೊಂಡು ಬಂದರೂ ಒಳಗೆ ಬಿಡು ಎಂದರ್ಥ. ಸ್ವಂತ ಲ್ಯಾಪ್‌ಟಾಪಿಗೆ ಸರಿ, ಹಲವರು ಬಳಸುವ ಯಂತ್ರಕ್ಕೆ ಅಪಾಯ. ಇನ್ನು ಬೇರೆ ಗಣಕದಿಂದ ಬರುವವರಿಗೆ ಬಾಗಿಲು ಮೊದಲಿಗೆ ಮುಚ್ಚಿಯೇ ಇರುತ್ತದೆ. ಯಾವ ವಿಳಾಸದಲ್ಲಿ ಕೇಳಿಸಿಕೊಳ್ಳಬೇಕೆಂಬ ಸೆಟ್ಟಿಂಗ್ ಬದಲಿಸಬೇಕು, ಯಾರನ್ನು ಬಿಡಬೇಕೆಂಬ ಎಚ್‌ಬಿಎ ಕಡತದಲ್ಲಿ ಸಾಲು ಸೇರಿಸಬೇಕು, ಫೈರ್‌ವಾಲ್ ತೆರೆಯಬೇಕು. ಆ ಕಡತದಲ್ಲಿ ಮೇಲಿನಿಂದ ಕೆಳಗೆ ಓದುವಾಗ ಮೊದಲು ಹೊಂದಿದ ಸಾಲೇ ಅಂತಿಮ. ಕೆಳಗೆ ಎಷ್ಟು ಬಿಗಿಯಾದ ನಿಯಮ ಬರೆದರೂ ಮೇಲಿರುವ ಸಡಿಲ ಸಾಲೇ ಗೆಲ್ಲುತ್ತದೆ.

ಇನಿಟ್‌ಡಿಬಿಗೆ ಮರಳೋಣ. ಅದು ಓಡುವಾಗ ಎರಡು ವಿಷಯ ತೀರ್ಮಾನವಾಗುತ್ತವೆ: ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆಯುವುದು, ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸುವುದು. ಏನೂ ಹೇಳದಿದ್ದರೆ ಎರಡನ್ನೂ ಆಪರೇಟಿಂಗ್ ಸಿಸ್ಟಮಿನಿಂದ ಎರವಲು ಪಡೆಯುತ್ತದೆ. ಡೇಟಾಬೇಸ್ ತುಂಬಿದ ಮೇಲೆ ಇವನ್ನು ಬದಲಿಸುವುದೆಂದರೆ ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬುವ ಕೆಲಸ. ಆದ್ದರಿಂದಲೇ ಈ ಹೆಜ್ಜೆಯನ್ನು ಕಣ್ಣುಬಿಟ್ಟು ಇಡಬೇಕು ಅನ್ನುವುದು. ಸಂಕೇತ ಯುಟಿಎಫ್-8 ಆಗಿದ್ದರೆ ಕನ್ನಡಕ್ಕೆ ತೊಂದರೆಯಿಲ್ಲ. ‘ಬಳ್ಳಾರಿ’ ಎಂಬ ಹೆಸರು ಓದುವವರಿಗೆ 3 ಅಕ್ಷರ. ಗುಣಿತ, ಒತ್ತುಗಳನ್ನು ಬಿಡಿಬಿಡಿಯಾಗಿ ಎಣಿಸುವ ಪೋಸ್ಟ್‌ಗ್ರೆಸ್‌ಗೆ 7. ಒಂದೊಂದಕ್ಕೂ 3 ಬೈಟ್‌ನಂತೆ ಒಟ್ಟು 21 ಬೈಟ್. ಹೆಸರಿನ ಕಾಲಮ್ಮಿಗೆ 10 ಅಕ್ಷರದ ಮಿತಿ ಹಾಕುವವರು ಇದನ್ನು ನೆನಪಿಡುವುದು ಒಳ್ಳೆಯದು. ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಕನ್ನಡ ಚೌಕಗಳಾಗಿ ಕಂಡರೆ ಡೇಟಾ ಕೆಟ್ಟಿದೆಯೆಂದು ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಕೆಟ್ಟಿರುವುದು ಆ ಕಿಟಕಿಯ ಕೋಡ್ ಪೇಜ್ ಅಥವಾ ಫಾಂಟ್.

ಜೋಡಣೆಯ ಕ್ರಮ ಇದಕ್ಕಿಂತ ಜಿಗುಟು. ಭಾಷೆಯ ಗೊಡವೆಯಿಲ್ಲದ ‘ಸಿ’ ಕ್ರಮದಲ್ಲಿ ಯುನಿಕೋಡ್ ಸಂಖ್ಯೆಯೇ ಪ್ರಮಾಣ. ಅಲ್ಲಿ ‘ಳ’ಕಾರದ ಜಾಗ ‘ಲ’ಕಾರದ ಪಕ್ಕ. ನಮ್ಮ ವರ್ಣಮಾಲೆಯಲ್ಲಿ ಅದು ಕೊನೆಗೆ, ‘ಹ’ಕಾರವೂ ಕಳೆದ ಮೇಲೆ. ಹಾಗಾಗಿ ಊರುಗಳ ಪಟ್ಟಿಯಲ್ಲಿ ಬಸವಕಲ್ಯಾಣಕ್ಕಿಂತ ಮುಂಚೆ ಬಳ್ಳಾರಿ ಬಂದು ಕೂರುತ್ತದೆ. ನಿಘಂಟು ನೋಡಿ ಬೆಳೆದವರ ಕಣ್ಣಿಗೆ ಇದು ಚುಚ್ಚುತ್ತದೆ. 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಭಾಷಾ ಗ್ರಂಥಾಲಯದ ನಿಯಮಗಳೂ ಸಿಗುತ್ತವೆ. ಅದರಲ್ಲಿ ಕನ್ನಡದ ಕ್ರಮವೂ ಇದ್ದು, ಕಾಲಮ್ಮಿಗೋ ಒಂದೇ ಪ್ರಶ್ನೆಗೋ ಬೇಕಾದಂತೆ ಹೆಸರಿಸಬಹುದು.

ಕ್ರಮವನ್ನು ಆಪರೇಟಿಂಗ್ ಸಿಸ್ಟಮಿನ ಪಾಲಿಗೆ ಬಿಟ್ಟರೆ ಏನಾಗುತ್ತದೆ ಎಂಬುದು 2018ರಲ್ಲಿ ಜಗಜ್ಜಾಹೀರಾಯಿತು. ಲಿನಕ್ಸಿನ ಮೂಲ ಗ್ರಂಥಾಲಯವಾದ ಜಿಲಿಬ್‌ಸಿ ತನ್ನ 2.28ನೇ ಆವೃತ್ತಿಯಲ್ಲಿ ಹಲವು ಭಾಷೆಗಳ ಜೋಡಣೆ ಕ್ರಮವನ್ನು ತಿದ್ದಿತು. ತಿದ್ದಿದ್ದು ಒಳ್ಳೆಯ ಉದ್ದೇಶದಿಂದಲೇ. ಆದರೆ ಡೇಟಾಬೇಸಿನ ಇಂಡೆಕ್ಸ್ ಎಂಬುದು ಹಳೆಯ ಕ್ರಮವನ್ನು ನಂಬಿ ಕಟ್ಟಿದ ಮರ. ಹೊಸ ಕ್ರಮ ಹಿಡಿದು ಹುಡುಕಹೊರಟರೆ ತಪ್ಪು ಕೊಂಬೆಗೆ ಇಳಿಯುತ್ತೇವೆ. ಇರುವ ಸಾಲು ‘ಇಲ್ಲ’ವಾಗುತ್ತದೆ, ಒಂದೇ ಸಲ ಇರಬೇಕಾದ ಹೆಸರು ಎರಡು ಸಲ ನುಸುಳುತ್ತದೆ. ಡೇಟಾಬೇಸನ್ನು ಯಾರೂ ಮುಟ್ಟಿರುವುದಿಲ್ಲ, ಕೆಳಗಿನ ಲಿನಕ್ಸನ್ನು ಮಾತ್ರ ಹೊಸದಾಗಿಸಿರುತ್ತಾರೆ. ಇಂಡೆಕ್ಸುಗಳನ್ನು ಮರುಕಟ್ಟುವುದೊಂದೇ ಪರಿಹಾರ. 2022ರ 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಜೋಡಣೆ ಕ್ರಮದ ಆವೃತ್ತಿಯನ್ನೂ ಬರೆದಿಟ್ಟುಕೊಂಡು, ಅದು ಬದಲಾಗಿದ್ದರೆ ಎಚ್ಚರಿಸುತ್ತದೆ.

ನಂಬಿಕೆಯ ಪ್ರಶ್ನೆ ಅತಿ ತೀಕ್ಷ್ಣವಾಗುವುದು ಡಿಸ್ಕಿನ ಹತ್ತಿರ. ಹಳೆಯ ವ್ಯಾಪಾರಿಗಳು ಮೊದಲು ಖಿರ್ದಿಯಲ್ಲಿ ಬರೆದು, ಆಮೇಲೆ ಬಿಡುವಾದಾಗ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದ ಹಾಗೆ ಪೋಸ್ಟ್‌ಗ್ರೆಸ್ ಕೂಡ ಪ್ರತಿ ಬದಲಾವಣೆಯನ್ನು ಮೊದಲು ಒಂದು ಲಾಗ್‌ಗೆ ಬರೆಯುತ್ತದೆ. ಅದು ಡಿಸ್ಕಿಗೆ ಇಳಿದ ಮೇಲಷ್ಟೇ ‘ಆಯಿತು’ ಅನ್ನುತ್ತದೆ. ಕರೆಂಟು ಹೋದರೂ ಲಾಗ್ ಓದಿ ಉಳಿದದ್ದನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ಡಿಸ್ಕಿಗೆ ಇಳಿಯಿತೆಂದು ಹೇಳಬೇಕಾದದ್ದು ಆಪರೇಟಿಂಗ್ ಸಿಸ್ಟಮ್, ‘ಎಫ್‌ಸಿಂಕ್’ ಎಂಬ ಕರೆಯ ಮೂಲಕ. ಮ್ಯಾಕ್‌ನಲ್ಲಿ ಸಾಧಾರಣ ಎಫ್‌ಸಿಂಕ್ ಡೇಟಾವನ್ನು ಡ್ರೈವಿಗೆ ದಾಟಿಸುತ್ತದೆ, ಡ್ರೈವಿನೊಳಗಿನ ತಾತ್ಕಾಲಿಕ ಸಂಗ್ರಹವಾದ ಕ್ಯಾಶಿನಿಂದ ಕೆಳಗಿಳಿಸುವ ಖಾತ್ರಿ ಕೊಡುವುದಿಲ್ಲ. ಪೂರ್ತಿ ಇಳಿಸಬೇಕೆಂದರೆ ಲಾಗಿನ ಸಿಂಕ್ ವಿಧಾನವನ್ನು ‘ರೈಟ್‌ಥ್ರೂ’ ಬಗೆಗೆ ಬದಲಿಸಬೇಕು. ವೇಗ ಇಳಿಯುತ್ತದೆ, ಖಾತ್ರಿ ಏರುತ್ತದೆ.

ಲಿನಕ್ಸೂ ಇಲ್ಲಿ ಸಾಧುವಲ್ಲ. ಡಿಸ್ಕಿಗೆ ಬರೆಯುವುದು ವಿಫಲವಾದರೆ ಎಫ್‌ಸಿಂಕ್ ದೋಷವನ್ನು ತಿಳಿಸುತ್ತದೆ ನಿಜ. ಆದರೆ ಒಮ್ಮೆ ತಿಳಿಸಿದ ಮೇಲೆ ಆ ಪುಟಗಳನ್ನು ‘ಬರೆದಾಗಿದೆ’ ಎಂದು ಗುರುತಿಸಿ ಕೈತೊಳೆದುಕೊಳ್ಳಬಹುದು. ಎರಡನೇ ಸಲ ಕೇಳಿದರೆ ‘ಎಲ್ಲ ಸರಿಯಿದೆ’ ಎಂಬ ಉತ್ತರ. ಮತ್ತೆ ಪ್ರಯತ್ನಿಸಿದರೆ ಸಾಕೆಂದು ಪೋಸ್ಟ್‌ಗ್ರೆಸ್ ಬಹುಕಾಲ ನಂಬಿಕೊಂಡಿತ್ತು. ಸತ್ಯ 2018ರಲ್ಲಿ ಬಯಲಿಗೆ ಬಂದು ದೊಡ್ಡ ಚರ್ಚೆಯೇ ನಡೆಯಿತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ದಾರಿ ಬದಲಿಸಿದೆ: ಡೇಟಾ ಕಡತದ ಎಫ್‌ಸಿಂಕ್ ವಿಫಲವಾದ ಕೂಡಲೇ ತಾನೇ ಬೇಕೆಂದು ಕುಸಿದು, ಲಾಗ್ ಓದಿಕೊಂಡು ಮತ್ತೆ ಏಳುತ್ತದೆ.

ನಿಮ್ಮ ಡಿಸ್ಕ್ ಎಷ್ಟು ನಿಜ ಹೇಳುತ್ತದೆಂದು ಅಳೆಯಲು ಪೋಸ್ಟ್‌ಗ್ರೆಸ್ ಜೊತೆಗೇ ಎಫ್‌ಸಿಂಕ್ ಪರೀಕ್ಷಿಸುವ ಪುಟ್ಟ ಸಾಧನವೊಂದು ಬರುತ್ತದೆ. ನಿಮಿಷಕ್ಕೆ 7,200 ಸುತ್ತು ಹೊಡೆಯುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ತಿರುಗುವುದು 120 ಸುತ್ತು. ಲಾಗಿನ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆಯಬೇಕಾದರೆ ಪ್ರಾಮಾಣಿಕವಾಗಿ ಸಾಧ್ಯವಾಗುವುದೂ ಸುಮಾರು ಅಷ್ಟೇ. ಅಂಥ ಡಿಸ್ಕಿನಲ್ಲಿ ಸಾಧನವು ಸೆಕೆಂಡಿಗೆ ಸಾವಿರಾರು ಎಂದು ತೋರಿಸಿದರೆ ನಡುವೆ ಯಾವುದೋ ಕ್ಯಾಶ್ ಡೇಟಾವನ್ನು ಹಿಡಿದುಕೊಂಡಿದೆ. ಅದಕ್ಕೆ ಬ್ಯಾಟರಿಯ ಆಸರೆಯಿದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಡ್ರೈವಿನ ರೈಟ್ ಕ್ಯಾಶ್ ಆಫ್ ಮಾಡಿ.