ತರಗತಿಯ ನಡುವೆ ಎರಡು ಬಕೆಟ್

ಗೋವಾದ ಫೋಂಡಾ ತಾಲೂಕಿನ ಮಡ್ಕಯಿಯಲ್ಲಿ ಕೈಗಾರಿಕಾ ವಸಾಹತು ಇದೆ. ಅಲ್ಲಿ ದುಡಿಯುವ ನಮ್ಮ ಕಡೆಯ ಕುಟುಂಬವೊಂದನ್ನು ನೋಡಲು ಕಳೆದ ವರ್ಷ ಜುಲೈಯಲ್ಲಿ ಹೋಗಿದ್ದೆ. ಅವರ ಮಗಳು ಕಲಿಯುವ ಶಾಲೆಗೂ ಒಂದು ಗಳಿಗೆ ಹೋಗಿಬಂದೆ. ತರಗತಿಯ ನಡುವೆ ಎರಡು ಬಕೆಟ್, ಸುತ್ತ ಮಕ್ಕಳು. ಟೀಚರಿಗೆ ಅದು ರೂಢಿಯಾಗಿಬಿಟ್ಟಿತ್ತು. ನನಗೆ ಭಯವಾದದ್ದು ಬಕೆಟ್ ಕಂಡು ಅಲ್ಲ. ಗಿಲಾವು ಉದುರಿದಲ್ಲಿ ಹಣಕಿದ ತುಕ್ಕಿನ ಸರಳುಗಳನ್ನು ಕಂಡು.

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಹಳೆಯ ಮನೆಗಳ ಹೆಂಚಿನ ಮಾಡು ಬಿದ್ದ ನೀರನ್ನು ಆಗಲೇ ಕೆಳಗಿಳಿಸುತ್ತದೆ. (ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ನವರನ್ನು ಮಳೆಗಾಲದಲ್ಲಾದರೂ ನೆನೆಯಬೇಕು.) ತಾರಸಿ ಹಾಗಲ್ಲ. ಎಲೆ ಕಟ್ಟಿ ಪೈಪಿನ ಬಾಯಿ ಮುಚ್ಚಿದರೆ ಅದು ಕೆರೆಯೇ. ಬಿರುಕಿನಲ್ಲಿ ಇಳಿದ ನೀರು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಒಡೆದು ಕೆಡವುತ್ತದೆ. ಕಡಲ ಗಾಳಿಯ ಉಪ್ಪು ಇದಕ್ಕೆ ಇನ್ನಷ್ಟು ನೆರವಾಗುತ್ತದೆ.

ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಹಳೆಯದರ ಮೇಲೆಯೇ ಮತ್ತೊಂದು ಪದರ ಹಾಕಿಸುವುದು. ನಾಲ್ಕು ಇಂಚು ಇಟ್ಟಿಗೆ ಚೂರು-ಗಾರೆ ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಸೇರುತ್ತದೆ. ಸೊರಗಿದ ತಾರಸಿಗೆ ಅಷ್ಟು ಹೊರೆ! ಮೊದಲು ಹಳೆಯದನ್ನು ತೆಗೆದು, ಸರಳಿನ ತುಕ್ಕು ಉಜ್ಜಿ, ತೀರಾ ಸವೆದದ್ದಕ್ಕೆ ಹೊಸ ಸರಳು ಜೋಡಿಸಬೇಕು. ಬಳಿಕ ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಕೊಟ್ಟು, ನೀರು ತಡೆಯುವ ಹಾಳೆಯನ್ನು ಅಂಚಿನ ಗೋಡೆಯ ಮೇಲಕ್ಕೂ ಏರಿಸಿ ಅಂಟಿಸಬೇಕು.

ಪಣಜಿಯ ಕಲಾ ಅಕಾಡೆಮಿ ನಿಮಗೆ ಗೊತ್ತಿರಬಹುದು. ಚಾರ್ಲ್ಸ್ ಕೊರಿಯಾ ರೂಪಿಸಿದ ಕಟ್ಟಡ. ದುರಸ್ತಿಗೆಂದು 2021ರಲ್ಲಿ ಮುಚ್ಚಿದ್ದರು. 2023ರ ಜುಲೈಯಲ್ಲಿ ಅದರ ಬಯಲು ರಂಗಮಂದಿರದ ಚಾವಣಿ ಕುಸಿದು ಬಿತ್ತು. ಒಳಗೆ ಜನರಿರಲಿಲ್ಲವಾದ್ದರಿಂದ ಜೀವಹಾನಿ ಆಗಲಿಲ್ಲ. ಶಾಲೆಯನ್ನು ಹಾಗೆ ವರ್ಷಗಟ್ಟಲೆ ಮುಚ್ಚಿಡಲಾದೀತೇ?

ಆ ಶಾಲೆಯವರು ಇಂಜಿನಿಯರರನ್ನು ಕರೆಸಿದರು. ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಕೆಲಸ ಶುರು. ಮೇಸ್ತ್ರಿ ನಮ್ಮ ಬಾಗಲಕೋಟೆ ಕಡೆಯವರು, ಮಿತಭಾಷಿ. "ಫಾದರ್, ಸಂಜೀಗಿ ಮುಚ್ಚಾಕ ಆಗೂದಷ್ಟs ಮುಂಜಾನೆ ತೆಗೀತೀವಿ" ಎಂದರು. ಕೆಲಸ ನಡೆಯುವ ಭಾಗದ ಕೆಳಗಿನ ಎರಡು ತರಗತಿಗಳನ್ನು ಸಭಾಂಗಣಕ್ಕೆ ಸಾಗಿಸಿ, ಬಾಗಿಲಿಗೆ ಬೀಗ ಹಾಕಿದರು. ಒಡೆಯುವ ಕೆಲಸ ಭಾನುವಾರ. ಡಾಂಬರಿನ ಹಾಳೆಗೆ ಬೆಂಕಿ ಹಿಡಿದು ಅಂಟಿಸುವುದು ಮಕ್ಕಳು ಮನೆಗೆ ಹೋದ ಮೇಲೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟು, ಕೆಲಸ ಮುಗಿದ ನಂತರವೂ ಒಬ್ಬರು ಒಂದು ಗಂಟೆ ಕಾವಲು. ವೆಚ್ಚ ಏರಿತು, ಸಮಿತಿಯಲ್ಲಿ ಗೊಣಗಾಟವೂ ಆಯಿತು. ಆದರೆ ಮೇಸ್ತ್ರಿ ಬಗ್ಗಲಿಲ್ಲ.

ಕೊನೆಗೆ ಪರೀಕ್ಷೆ. ಪೈಪಿನ ಬಾಯಿ ಕಟ್ಟಿ ತಾರಸಿಯಲ್ಲಿ ಒಂದು ಇಂಚು ನೀರು ನಿಲ್ಲಿಸಿದರು, ಎರಡು ಹಗಲು ಎರಡು ರಾತ್ರಿ. ಟೀಚರ್ ಬೆಂಚು ಹತ್ತಿ ಹಳೆಯ ಕಲೆಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದರು. ಮೂರನೆಯ ಬೆಳಿಗ್ಗೆ ಎಲ್ಲ ಒಣಗಿತ್ತು, ಪೈಪಿನ ಬುಡವೊಂದನ್ನು ಬಿಟ್ಟು. ಅಲ್ಲಿ ತೇವ ಗೆರೆಯನ್ನು ಎರಡು ಬೆರಳಷ್ಟು ದಾಟಿತ್ತು. ಮೇಸ್ತ್ರಿ ಮಾತಾಡದೆ ನೀರು ಬಿಟ್ಟು, ಆ ಬುಡವನ್ನು ಮತ್ತೆ ಒಡೆಯತೊಡಗಿದರು.